ಮೆಂಟರ್‌ಗೆ ಬರೆದ ನಾಲ್ಕು ಸಾಲು

ಮಗಳು ಶಾಲೆಯ ವಿದ್ಯಾರ್ಥಿ ಮಂಡಳಿಗೆ ಆರಿಸಿ ಬಂದ ವರ್ಷವೇ ನಾನು ಅವಳಿಗೆ ಮೋಸ ಮಾಡಿದ್ದು. ಮೋಸ ಅನ್ನುವ ಮಾತು ದೊಡ್ಡದಾಯಿತು ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ನನಗೆ ಅದಕ್ಕಿಂತ ಚಿಕ್ಕ ಮಾತು ಸಿಕ್ಕಿಲ್ಲ.

ಆಗ ನಾವು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಲ್ಮೆರೆ ಊರಿಗೆ ಬಂದು ಆರು ವರ್ಷವಾಗಿತ್ತು. ಕೊರೊನಾ ಬಂದ ಮೇಲೆ ಗಂಡ ಆಮ್‌ಸ್ಟರ್‌ಡ್ಯಾಮಿನ ರೈಲು ಹತ್ತುವುದು ನಿಂತು, ಮಹಡಿಯ ಕೋಣೆಯೇ ಅವರ ಆಫೀಸಾಗಿತ್ತು. ಊಟದ ಮೇಜಿನ ಒಂದು ತುದಿಯಲ್ಲಿ ನನ್ನ ಕೆಲಸದ ಲ್ಯಾಪ್‌ಟಾಪ್, ಶಾಲೆ ಮುಚ್ಚಿದ ದಿನಗಳಲ್ಲಿ ಇನ್ನೊಂದು ತುದಿಯಲ್ಲಿ ಮಗಳ ತರಗತಿ. ಮನೆಯಲ್ಲಿ ನಮ್ಮ ಮಾತು ದಖನಿ ಉರ್ದು. ದಾವಣಗೆರೆಯ ಕನ್ನಡ ಶಾಲೆಯಲ್ಲಿ ಓದಿದ ನನಗೆ ಸಿಟ್ಟು ಬಂದರೆ, ಭಯವಾದರೆ ಮಾತ್ರ ಬಾಯಿಗೆ ಕನ್ನಡ ಬರುತ್ತದೆ. ಮಗಳಿಗೆ ಎರಡೂ ಅರ್ಥವಾಗುತ್ತವೆ. ಉತ್ತರ ಹೆಚ್ಚಾಗಿ ಇಂಗ್ಲಿಷಿನಲ್ಲೋ ಡಚ್ಚಿನಲ್ಲೋ ಬರುತ್ತದೆ.

ಅವಳಿಗೆ ಹದಿನೈದು. ಪಂದ್ಯಗಳಲ್ಲಿ ಕುಣಿದು ಆಟಗಾರರಿಗೆ ಹುರುಪು ತುಂಬುವ ಶಾಲೆಯ ಚಿಯರ್ ತಂಡದಲ್ಲಿದ್ದಳು. ಹನ್ನೊಂದು ಹುಡುಗಿಯರ ಆ ತಂಡದಲ್ಲಿ ಕೆಲವರು ಭುಜ ಹತ್ತಿ ನಿಲ್ಲುತ್ತಿದ್ದರು, ಕೆಲವರು ಕೆಳಗೆ ನಿಂತು ಹೊರುತ್ತಿದ್ದರು. ಇವಳು ಹೊರುವವಳು. ತಂಡದ ನಾಯಕಿ ನಮ್ಮಿಂದ ಎರಡು ಬೀದಿ ಆಚೆ ಇದ್ದ ಸುರಿನಾಮ್ ಮೂಲದ ಮನೆಯ ಹುಡುಗಿ, ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಅವಳ ತಾಯಿ ವೃದ್ಧರ ಆರೈಕೆ ಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಸೆಪ್ಟೆಂಬರಿನಲ್ಲಿ ಮಂಡಳಿಯ ಚುನಾವಣೆಗೆ ನಿಲ್ಲು ಎಂದು ನನ್ನ ಮಗಳನ್ನು ಹುರಿದುಂಬಿಸಿದವಳು ಆ ನಾಯಕಿಯೇ. ನಮ್ಮ ನಡುಮನೆಯಲ್ಲಿ ಕೂತು ಇಬ್ಬರೂ ಪೋಸ್ಟರ್ ಬರೆದರು. ಗುರುವಾರ ಶಾಲೆ ಬಿಟ್ಟ ಮೇಲೆ ಜಿಮ್ ಹಾಲನ್ನು ಮಕ್ಕಳಿಗೇ ಬಿಡಬೇಕು ಎನ್ನುವುದು ಅವರ ಮುಖ್ಯ ಬೇಡಿಕೆ. ಮಗಳು ಗೆದ್ದಳು. ನನಗೆ ಸಿಹಿ ಮಾಡುವಷ್ಟು ಹೆಮ್ಮೆಯಾಗಿತ್ತು, ಮಾಡಿದೆ ಕೂಡ.

ಡಿಸೆಂಬರಿನಲ್ಲಿ ಶಾಲೆ ಮುಚ್ಚಿತು. ಮಂಡಳಿಯ ಸಭೆಗಳು ಪರದೆಯ ಮೇಲೆ ನಡೆದವು. ಚಿಯರ್ ಅಭ್ಯಾಸವೂ ಹಾಗೇ, ಒಬ್ಬೊಬ್ಬರು ಅವರವರ ಕೋಣೆಯಲ್ಲಿ. ಮಗಳು ಸೋಫಾ ಪಕ್ಕಕ್ಕೆ ಸರಿಸಿ, ಖಾಲಿ ಗಾಳಿಯಲ್ಲಿ ಯಾರನ್ನೋ ಎತ್ತುವ ಹಾಗೆ ಕೈ ಎತ್ತಿ ಇಳಿಸುತ್ತಿದ್ದಳು. ನೋಡಿದರೆ ಸಂಕಟವಾಗುತ್ತಿತ್ತು.

ಮಾರ್ಚಿನಲ್ಲಿ ವಾರಕ್ಕೆ ಎರಡು ದಿನ ಶಾಲೆ ಶುರುವಾಯಿತು. ಕೊನೆಯ ವರ್ಷದವರಿಗೆ ಚಿಯರ್ ತಂಡದ ಕುಣಿತದ ಬೀಳ್ಕೊಡುಗೆ ವಿಡಿಯೋ ಮಾಡೋಣ ಎಂದು ಮಂಡಳಿ ಶಾಲೆಯನ್ನು ಕೇಳಿತು. ಆ ಕೋರಿಕೆಯ ಪತ್ರ ಬರೆದು ಸಹಿ ಹಾಕಿದವಳು ನನ್ನ ಮಗಳು. ಶಾಲೆ ಒಪ್ಪಿತು: ಹೊರಗೆ ಕುಣಿಯಬಹುದು, ದೂರ ದೂರ ನಿಲ್ಲಬೇಕು, ಯಾರೂ ಯಾರನ್ನೂ ಎತ್ತಬಾರದು.

ಅಷ್ಟರಲ್ಲಿ ರಂಜಾನ್ ಬಂತು, ಅದರ ಹಿಂದೆಯೇ ಊರಿನಿಂದ ಸುದ್ದಿಗಳು. ಕೊರೊನಾ ತಗುಲಿದ ನನ್ನ ತಮ್ಮನಿಗೆ ದಾವಣಗೆರೆಯಲ್ಲಿ ಎರಡು ಕಡೆ ಅಲೆದ ಮೇಲೆ ಮೂರನೇ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತ್ತು. ಅವನ ಹೆಂಡತಿ ದಿನಕ್ಕೆರಡು ಸಲ ಫೋನ್ ಮಾಡಿ ಆಕ್ಸಿಜನ್ ಎಷ್ಟಿದೆ ಎಂದು ಹೇಳುತ್ತಿದ್ದಳು. ನಾನು ಮನೆಯ ಬಾಗಿಲ ಹಿಡಿಕೆ ಒರೆಸುತ್ತ ಓಡಾಡುತ್ತಿದ್ದೆ. ಬೇರೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಮಗಳು ಸೈಕಲ್ ನಿಲ್ಲಿಸಿ ಒಳಗೆ ಬಂದಳು. ಜಾಕೆಟ್ಟಿನ ಎರಡೂ ಭುಜದ ಮೇಲೆ ಬೂಟಿನ ಗುರುತು.

"ಯಾರನ್ನ ಎತ್ತಿದ್ದೀ?" ಎಂದೆ. ಕನ್ನಡದಲ್ಲೇ ಬಂತು.

ಅವಳು ಸುಳ್ಳು ಹೇಳಲಿಲ್ಲ, ಎಂದಿನ ಇಂಗ್ಲಿಷಿನಲ್ಲೇ ಹೇಳಿದಳು. "ಜಸ್ಟ್ ಒನ್ಸ್, ಅಮ್ಮಿ. ಕೆರೆ ಹತ್ರ, ಹೊರಗೇನೇ. ಕ್ಯಾಪ್ಟನ್‌ಗೆ ಇದು ಲಾಸ್ಟ್ ಇಯರ್. ಎಲ್ಲರೂ ಕೊರೊನಾ ಸೆಲ್ಫ್ ಟೆಸ್ಟ್ ಮಾಡ್ಕೊಂಡೇ ಬಂದಿದ್ವಿ."

"ಮತ್ತೆ ಹೋಗ್ತೀಯಾ?"

"ಶನಿವಾರ ಇನ್ನೊಂದೇ ಸಲ, ವಿಡಿಯೋಗೆ. ಯಾರಿಗೂ ಹೇಳ್ಬೇಡ ಅಮ್ಮಿ. ಪ್ರಾಮಿಸ್?"

ಹೂಂ ಅಂದೆ. ಹೇಳುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಮರುದಿನ ತಮ್ಮನನ್ನು ಐಸಿಯುಗೆ ಹಾಕಿದರು. ನಾನು ಕೆಲಸದ ಲ್ಯಾಪ್‌ಟಾಪ್ ಮುಚ್ಚಿ, ಫೋನಿನಲ್ಲಿ ಮಗಳ ಮೆಂಟರ್‌ಗೆ, ಅಂದರೆ ಅವಳ ತರಗತಿಯ ಹೊಣೆ ಹೊತ್ತ ಶಿಕ್ಷಕಿಗೆ, ನಾಲ್ಕು ಸಾಲು ಬರೆದೆ. ತಂಡ ಕೆರೆಯ ಹತ್ತಿರ ಏನು ಮಾಡುತ್ತಿದೆ, ಶನಿವಾರ ಏನು ಮಾಡಲಿದೆ, ದಯವಿಟ್ಟು ನನ್ನ ಹೆಸರು ಹೇಳಬೇಡಿ. ಕಳಿಸಿದ ಮೇಲೆ ಎದೆ ಹಗುರಾಯಿತು ಎಂದು ಒಪ್ಪಿಕೊಳ್ಳಬೇಕು. ಜಗತ್ತಿನಲ್ಲಿ ಒಂದನ್ನಾದರೂ ತಡೆದೆನಲ್ಲ ಅನ್ನಿಸಿತು. ಮಗಳನ್ನು ಕೂರಿಸಿಕೊಂಡು ಹೋಗಬೇಡ ಎನ್ನಬಹುದಿತ್ತು. ನಾಯಕಿಯ ಮನೆಯ ಬಾಗಿಲು ತಟ್ಟಬಹುದಿತ್ತು. ಆ ದಿನ ಯಾವುದೂ ಹೊಳೆಯಲಿಲ್ಲ. ಅಥವಾ ಹೊಳೆದರೂ ಮೇಲ್ ಬರೆಯುವುದೇ ಸುಲಭವಾಗಿತ್ತು.

ಎರಡು ದಿನದಲ್ಲಿ ಶಾಲೆ ವಿಡಿಯೋ ರದ್ದು ಮಾಡಿತು. ಆ ವರ್ಷದ ಮಟ್ಟಿಗೆ ತಂಡವನ್ನೂ ನಿಲ್ಲಿಸಿತು. ವಿಷಯ ಮಂಡಳಿಯ ಸಭೆಗೂ ಬಂತು, ಆಗಲೂ ಸಭೆ ಪರದೆಯ ಮೇಲೇ. ಮೇಜಿನ ಆ ತುದಿಯಲ್ಲಿ ಮಗಳು, ಈ ತುದಿಯಲ್ಲಿ ನಾನು. ಸಹಿ ಹಾಕಿದ ನೀನೇ ನಿಯಮ ಮುರಿದೆಯಲ್ಲ ಎಂದು ಯಾರೋ ಕೇಳಿದರು. ಅವಳು ತಪ್ಪಾಯಿತು ಎಂದಳು. ಆಮೇಲೆ ಇನ್ನೊಂದು ದನಿ, ಹಾಗಾದರೆ ಶಾಲೆಗೆ ಹೇಳಿದವಳೂ ನೀನೇ ಇರಬೇಕು, ಮಂಡಳಿಯ ಜಾಗ ಉಳಿಸಿಕೊಳ್ಳೋಕೆ, ಎಂದಿತು. "ನಾನಲ್ಲ," ಎಂದು ಅವಳು ಡಚ್ಚಿನಲ್ಲಿ ಮೂರು ಸಲ ಹೇಳಿದಳು. ನಾನು ತಲೆ ಎತ್ತದೆ ಟೈಪ್ ಮಾಡುತ್ತಲೇ ಇದ್ದೆ. ಏನು ಟೈಪ್ ಮಾಡಿದೆ ಎಂದು ನನಗೇ ಗೊತ್ತಿಲ್ಲ.

ಅಂದೇ ಅವಳನ್ನು ತಂಡದ ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆದುಹಾಕಿದರು. ನಾಯಕಿ ಬೈಯಲಿಲ್ಲ, ಮಾತು ಬಿಟ್ಟಳು. ಮಗಳು ಬೆಳಗ್ಗೆ ಶಾಲೆಗೆ ಹೋಗುವಾಗ ಆ ಬೀದಿ ತಪ್ಪಿಸಿ ಸುತ್ತು ಹಾಕಿ ಹೋಗತೊಡಗಿದಳು. ನನ್ನ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ಕೆರೆಯ ಹತ್ತಿರ ನಾಯಿ ಅಡ್ಡಾಡಿಸುತ್ತಿದ್ದ ಮುದುಕನೊಬ್ಬ ನೋಡಿ ದೂರು ಕೊಟ್ಟಿರಬೇಕು ಎಂದು ನನಗೇ ವಿವರಿಸಿದಳು. "ಇರಬಹುದು," ಎಂದೆ. ಮೇಲ್ ಬರೆದದ್ದಕ್ಕಿಂತ ಆ ಒಂದು ಮಾತು ನನ್ನನ್ನು ಹೆಚ್ಚು ಚುಚ್ಚುತ್ತದೆ.

ಹೀಗೆ ಮೂರು ವಾರ. ಈದ್ ಬಂತು, ಹೋಯಿತು. ತಮ್ಮ ಐಸಿಯುನಿಂದ ಹೊರಗೆ ಬಂದ. ಅವನ ದನಿ ಫೋನಿನಲ್ಲಿ ಕೇಳಿದ ದಿನ ನನ್ನ ಭಯ ಇಳಿಯಿತು. ಭಯ ಇಳಿದ ಮೇಲೆ ನಾನು ಮಾಡಿದ್ದು ಬೆತ್ತಲಾಗಿ ಕಂಡಿತು. ಅಡುಗೆಮನೆಯಲ್ಲಿ ಮಗಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.

"ಶಾಲೆಗೆ ಬರೆದವಳು ನಾನು," ಎಂದೆ.

ಅವಳು ಚಾಕು ಕೆಳಗಿಟ್ಟಳು. "ಪ್ರಾಮಿಸ್ ಮಾಡಿದ್ದೆ ನೀನು."

"ಹೌದು. ನಿನ್ನ ಮಾಮನ ಸ್ಥಿತಿ ನೋಡಿ ತಲೆ ಕೆಟ್ಟಿತ್ತು."

"ಮಾಮಾ ಸಿಕ್ ಇದ್ದದ್ದು ನಂಗೂ ಗೊತ್ತಿತ್ತು. ನಾನೂ ಅತ್ತಿದ್ದೆ." ಅವಳು ಅಷ್ಟುದ್ದ ಕನ್ನಡ ಮಾತಾಡಿದ್ದು ನಾನು ಕೇಳಿದ್ದು ಅಪರೂಪ. "ಆದ್ರೆ ಮೂರು ವಾರ ಯಾಕೆ ಸುಮ್ನಿದ್ದೆ?"

ಬೇಕಾದರೆ ನಾನೇ ಎಲ್ಲರಿಗೂ ಹೇಳುತ್ತೇನೆ ಎಂದೆ. "ಬೇಕು," ಎಂದಳು.

ಮೇಜಿನ ಮುಂದೆ ಕೂತು ನನಗೆ ಬರುವ ಡಚ್ಚಿನಲ್ಲಿ ಬರೆದೆ: ಶಾಲೆಗೆ ತಿಳಿಸಿದ್ದು ನಾನು, ನನ್ನ ಮಗಳಿಗೆ ಗೊತ್ತಿರಲಿಲ್ಲ, ಅವಳಿಗೆ ಕೊಟ್ಟ ಮಾತು ಮುರಿದೆ, ಮೂರು ವಾರ ಮುಚ್ಚಿಟ್ಟೆ, ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ. ಮಗಳು ಹಿಂದೆ ನಿಂತು ಓದಿದಳು. ನನ್ನ ಭುಜದ ಮೇಲಿಂದ ಕೈ ಚಾಚಿ, ವ್ಯಾಕರಣದ ತಪ್ಪುಗಳನ್ನು ಒಂದೊಂದಾಗಿ ತಿದ್ದಿದಳು. ತಂಡದ ಹನ್ನೊಂದು ಮನೆಗಳಲ್ಲಿ ನಮ್ಮದು ಬಿಟ್ಟು ಉಳಿದ ಹತ್ತಕ್ಕೂ ತಾನೇ ಕಳಿಸಿದಳು.

ಮೂವರು ಉತ್ತರಿಸಿದರು. ನಾಯಕಿ, ತಿಳಿಸಿದ್ದಕ್ಕೆ ಧನ್ಯವಾದ, ಎಂದಷ್ಟೇ ಬರೆದಳು. ಮಗಳ ಹತ್ತಿರ ಬಂದು ಕ್ಷಮೆ ಕೇಳಿದಳಂತೆ. ಆದರೆ ಮೊದಲಿನ ಹಾಗೆ ಅವಳು ನಮ್ಮ ಮನೆಗೆ ಬರಲಿಲ್ಲ. ಪರೀಕ್ಷೆ ಪಾಸಾಗಿ ಬೇರೆ ಊರಿಗೆ ಓದಲು ಹೋದಳು. ಮಗಳು ಮಂಡಳಿಯಲ್ಲಿ ಅವಧಿ ಮುಗಿಯುವ ತನಕ ಕೂತಳು, ಒಂದೂ ಸಭೆ ತಪ್ಪಿಸಲಿಲ್ಲ, ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಬೇಸಿಗೆ ಕಳೆದ ಮೇಲೆ ಗುರುವಾರದ ಜಿಮ್ ಹಾಲ್ ಸಿಕ್ಕಿತು. ಚಿಯರ್ ತಂಡ ಮತ್ತೆ ಶುರುವಾಗದ ಕಾರಣ ಬ್ಯಾಡ್ಮಿಂಟನ್‌ನವರು ಅದನ್ನು ತೆಗೆದುಕೊಂಡರು.

ಆ ಶರತ್ಕಾಲದಲ್ಲಿ ನಾಯಕಿಯ ತಾಯಿ ಸೂಪರ್‌ಮಾರ್ಕೆಟ್ಟಿನಲ್ಲಿ ಎದುರಾದರು. ತಳ್ಳುಗಾಡಿಗಳ ಅಂತರದಲ್ಲಿ ನಿಂತೆವು. ನಾನು ಮತ್ತೆ ಕ್ಷಮೆ ಕೇಳಲು ಹೋದೆ. ಅವರು ಕೈ ಎತ್ತಿ ತಡೆದರು.

"ಆ ಚಳಿಗಾಲ ನಮ್ಮ ಆರೈಕೆ ಮನೆಯಲ್ಲಿ ಎಷ್ಟು ಕೋಣೆ ಖಾಲಿಯಾದವು ಅಂತ ನಾನು ಮಗಳಿಗೆ ಹೇಳಿರಲಿಲ್ಲ. ಕೆರೆಯ ವಿಷಯ ಗೊತ್ತಾಗಿದ್ದರೆ ನಾನೇ ತಡೆಯುತ್ತಿದ್ದೆ," ಎಂದರು. "ಆದರೆ ನೀವು ಶಾಲೆಗೆ ಬರೆಯುವ ಮೊದಲು ನನ್ನ ಬಾಗಿಲಿಗೆ ಬರಬೇಕಿತ್ತು. ಎರಡು ಬೀದಿ ಅಷ್ಟೇ."

ಹೌದು ಎಂದೆ. ಅವರು ತಲೆಯಾಡಿಸಿ, ಗಾಡಿ ತಿರುಗಿಸಿಕೊಂಡು ಹಾಲಿನ ಕಪಾಟಿನ ಕಡೆ ಹೋದರು.