ನೀರು ಬೇರೆ, ನೀಳ್ಳು ಬೇರೆ

ಆದೋನಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೂಲಿಗಳಿಗೆ ನೀರು ಕೊಡುತ್ತಿದ್ದ ಹುಸೇನಮ್ಮನಿಗೆ ಬೆಳಿಗ್ಗೆ ಬಂದ ಸಿಟ್ಟು ಸಂಜೆತನಕ ಎಲ್ಲೂ ಹೋಗುತ್ತಿರಲಿಲ್ಲ. ಹತ್ತಿಯ ನಡುವೆಯೇ ದಿನ ಕಳೆದರೂ ಅವಳ ಮಾತು ಮಾತ್ರ ಮೆತ್ತಗಾಗಲಿಲ್ಲ. ೧೯೪೧ರ ಜೂನಿನಲ್ಲಿ ಒಂದು ದಿನ ಅವಳು ಆ ಸಿಟ್ಟಿನ ಜೊತೆಗೇ ಏಳು ವರ್ಷದ ಮಗಳು ಪೀರಮ್ಮನನ್ನೂ ಕರೆದುಕೊಂಡು ಓಣಿಯ ಶಾಲೆಯ ಮೆಟ್ಟಿಲು ಹತ್ತಿದಳು. ಹಿಂದಿನ ವರ್ಷ ಇಲ್ಲಿಯವರೇ "ಹುಡುಗಿ ಮಬ್ಬು" ಎಂದು ತಿರುಗಿ ಕಳಿಸಿದ್ದರು. ಈ ಸಲವೂ ಹಾಗೇ ಬರೆದರೆ ಪೀರಮ್ಮನಿಗೆ ಶಾಲೆ ಎನ್ನುವುದು ಮುಗಿದಂತೆಯೇ.

ಪೀರಮ್ಮ ಮೂಗಿಯಲ್ಲ. ಕೇಳಿದ ಮಾತನ್ನು ಕೇಳಿದ ದನಿಯಲ್ಲೇ ತಿರುಗಿ ಹೇಳುತ್ತಿದ್ದಳು. ಬಾಯಾರಿದರೆ "ಕುಡೀತೀಯೇನು?" ಅನ್ನುವಳು; ಅವ್ವ ಗಡಿಗೆ ಬಗ್ಗಿಸುವಾಗ ಹಾಗಲ್ಲವೇ ಕೇಳುವುದು? ಊರೆಲ್ಲ ಒಂದೇ ಉಸಿರಿನಲ್ಲಿ ಕನ್ನಡದಿಂದ ತೆಲುಗಿಗೆ ಜಿಗಿಯುತ್ತಿದ್ದರೆ, ಒಂದು ವಸ್ತುವಿಗೆ ಎರಡು ಹೆಸರು ಎಂಬುದು ಪೀರಮ್ಮನಿಗೆ ಒಪ್ಪಿಗೆಯೇ ಇರಲಿಲ್ಲ. ಅವ್ವನ ಗಡಿಗೆಯ ಸಿಹಿನೀರು "ನೀರು". ಜಿನ್ನಿನಲ್ಲಿ ಕೈ ತೊಳೆಯುವ ತೊಟ್ಟಿಯ ಸವಳು ನೀರು, ತೆಲುಗು ಮೇಸ್ತ್ರಿ ಕೂಗುತ್ತಿದ್ದಂತೆ, "ನೀಳ್ಳು". ಇದು ಹುಸೇನಮ್ಮನಿಗೇ ಅರ್ಥವಾಗಲು ಮೂರು ವರ್ಷ ಹಿಡಿದಿತ್ತು.

ಹೆಡ್‌ಮಾಸ್ಟರ್ ಸೇತುಮಾಧವರಾಯರು ಆ ಬೇಸಿಗೆಯಲ್ಲಿ ಟ್ರೈನಿಂಗಿಗೆ ಹೋಗಿ ಬುದ್ಧಿ ಅಳೆಯುವ ಪೆಟ್ಟಿಗೆಯೊಂದನ್ನು ತಂದಿದ್ದರು. ಅದು ಮಕ್ಕಳನ್ನು ಅಳೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು.

"ನಿನ್ನ ಹೆಸರೇನು?" ರಾಯರು ಕೇಳಿದರು.

"ನಿನ್ನ ಹೆಸರೇನು?" ಎಂದಳು ಪೀರಮ್ಮ.

"ಅಣಕಸ್ತಾಳಲ್ಲ ಈಕಿ."

"ಅಣಕ ಅಲ್ರಿ ಸಾಮಿ. ಆಕಿ ಮಾತು ಬರೋದ ಹಂಗ," ಎಂದಳು ಹುಸೇನಮ್ಮ.

ಪೆಟ್ಟಿಗೆಯ ಚಿತ್ರಗಳತ್ತ ಹುಡುಗಿ ಕಣ್ಣೆತ್ತಲಿಲ್ಲ. ರಾಯರು ಶಾಲೆಯ ಬಾವಿಯಿಂದ ಒಂದು ಲೋಟ ತುಂಬಿಸಿ ತರಿಸಿ ಮುಂದಿಟ್ಟರು. "ಇದೇನು ಹೇಳು."

ಪೀರಮ್ಮ ಬೆರಳು ಅದ್ದಿ ನೆಕ್ಕಿದಳು. "ನೀಳ್ಳು."

"ಕನ್ನಡದಾಗ ಕೇಳಿದ್ರ ಕನ್ನಡದಾಗ ಹೇಳಬೇಕು. ನೀರು ಅನ್ನು."

"ನೀಳ್ಳು."

ರಾಯರು ಹಾಳೆಯ ಮೇಲೆ ಗೀಟು ಎಳೆದರು. ಶಾಲೆಯ ಬಾವಿಯದೂ ಸವಳು ನೀರೇ; ಅವರು ತಪ್ಪು ಎಂದದ್ದು ಬರೀ ಉಪ್ಪು. ಪೀರಮ್ಮ ಈಗ ಮೇಜಿನ ಮೇಲೆ ರಾಯರು ಮನೆಯಿಂದ ತಂದಿಟ್ಟುಕೊಂಡು ಆಗಾಗ ಕುಡಿಯುತ್ತಿದ್ದ ತಾಮ್ರದ ತಂಬಿಗೆಯ ಕಡೆ ಬೆರಳು ತೋರಿಸಿ, "ನೀರು," ಎಂದಳು.

"ನೋಡವ್ವ, ಎರಡೂ ಒಂದ ಅನ್ನೋದೂ ಈಕಿಗೆ ತಿಳಿಯಂಗಿಲ್ಲ."

ಹುಸೇನಮ್ಮ ಲೋಟವನ್ನೆತ್ತಿ ರಾಯರ ಹಾಳೆಯ ಮೇಲೆಯೇ ಇಟ್ಟಳು. "ಒಂದ ಏನ್ರಿ? ಹಂಗಾದ್ರ ಇದನ್ನ ಕುಡೀರಿ. ದಿನಾ ಮನಿಯಿಂದ ತಂಬಿಗಿ ಯಾಕ ಹೊತ್ಕೊಂಡು ಬರ್ತೀರಿ?"

"ಅದು ಮಡಿ ವಿಷಯ."

"ಮಡಿ ನಿಮ್ಮ ಮನ್ಯಾಗ ಇರ್ಲಿ. ಬಾವಿ ಸವಳು ಅಂತ ನಿಮಗೂ ಗೊತ್ತೈತಿ, ನನ್ನ ಮಗಳಿಗೂ ಗೊತ್ತೈತಿ. ನಿಮಗ ಗೊತ್ತಿದ್ರ ಬುದ್ಧಿ, ಆಕಿಗೆ ಗೊತ್ತಿದ್ರ ತಪ್ಪು?"

"ಈ ಪರೀಕ್ಷಾದಾಗ ರುಚಿಗೆ ಮಾರ್ಕ್ಸ್ ಇಲ್ಲ."

"ಹಂಗಾದ್ರ ನಿಮ್ಮ ಪೆಟ್ಟಿಗೀನ ಮಬ್ಬು. ಮೊದಲು ಅದನ್ನ ಶಾಲಿ ಬಿಡಿಸ್ರಿ."

ಪೀರಮ್ಮ ತಂಬಿಗೆಯಿಂದ ಕಣ್ಣು ಕೀಳದೆ, "ಕುಡೀತೀಯೇನು?" ಎಂದಳು.

ರಾಯರ ಮುಖ ಕೆಂಪಾಯಿತು. "ನನಗ ಸವಾಲು ಹಾಕ್ತಾಳ."

ಸವಳಿನಿಂದ ಶುರುವಾದದ್ದು ಸವಾಲಿಗೆ ಬಂದು ನಿಂತಿತ್ತು. ಹುಸೇನಮ್ಮ ಹಲ್ಲು ಕಚ್ಚಿದಳು. "ಬಾಯಿ ಒಣಗೈತಿ ಅಂತ ಹೇಳ್ತಾಳ್ರಿ. ಅಷ್ಟೂ ತಿಳೀಲಿಲ್ಲ ನಿಮಗ."

ರಾಯರು ಎದ್ದರು. ತಂಬಿಗೆ ಎತ್ತಿ, ತಾಗದಂತೆ ಮೇಲಿನಿಂದ ಹುಡುಗಿಯ ಬೊಗಸೆಗೆ ಬಗ್ಗಿಸಿದರು. ಅವಳು ಕುಡಿದಳು. ಆಮೇಲೆ ರಾಯರು ಕುಳಿತು ಒದ್ದೆ ಹಾಳೆಯ ಮೇಲೆ ಒಂದು ಸೊನ್ನೆ ಸುತ್ತಿದರು. "ಮುಂದಿನ ವರ್ಷ ನೋಡೋಣ."

ಹುಸೇನಮ್ಮ ಮುಂದಿನ ವರ್ಷಕ್ಕೆ ಕಾಯಲಿಲ್ಲ. ಮರುದಿನವೇ, ಜಿನ್ನಿಗೆ ಹೋಗುವ ಮುಂಚೆ, ಮಗಳನ್ನು ಶಾಲೆಯ ಮೆಟ್ಟಿಲ ಮೇಲೆ ಕೂರಿಸಿ ಹೋದಳು. ಅದರ ಮರುದಿನವೂ. ಹತ್ತು ಗಂಟೆಗೆ ಸರಿಯಾಗಿ ಪೀರಮ್ಮ ಒಳಗೆ ಹೋಗಿ ಮೇಜಿನ ಮುಂದೆ ನಿಂತು "ಕುಡೀತೀಯೇನು?" ಅನ್ನುವಳು, ರಾಯರು ಬಗ್ಗಿಸುವರು. ಮಳೆಗಾಲ ಮುಗಿಯುವ ಹೊತ್ತಿಗೆ ರಾಯರು ಎರಡು ತಂಬಿಗೆ ತರುತ್ತಿದ್ದರು. ಮಕ್ಕಳ ತಲೆ ಎಣಿಸಲು ಇನ್ಸ್‌ಪೆಕ್ಟರು ಬರುತ್ತಾರೆಂಬ ಸುದ್ದಿ ಬಂದಾಗ, ಮೆಟ್ಟಿಲ ಮೇಲಿನ ಈ ತಲೆ ಯಾರದೆಂದು ವಿವರಿಸುವ ಬದಲು ಹಾಜರಿಯಲ್ಲಿ ಹೆಸರು ಬರೆದುಕೊಳ್ಳುವುದೇ ರಾಯರಿಗೆ ಸುಲಭವೆನಿಸಿತು. ಹೀಗೆ ಅವ್ವನ ಸಿಟ್ಟಿಗೆ ಮಗಳ ಸೀಟು ಸಿಕ್ಕಿತು.

"ಬರದೀನವ್ವ," ಎಂದರು ರಾಯರು, ಬೆಳಿಗ್ಗೆ ಮಗಳನ್ನು ಬಿಡಲು ಬಂದ ಹುಸೇನಮ್ಮನಿಗೆ. "ಇನ್ನಾರ ನಗು."

"ಆ ಸೊನ್ನಿ ಹೊಡದು ಹಾಕೀರೇನು?"

"ಅದು ಹಳೇ ಹಾಳಿ. ಬೀರುದಾಗ ಐತಿ."

"ತೆಗೀರಿ."

ಜಿನ್ನಿನಲ್ಲಿ ಕೆಲಸ ಶುರುವಾಗುವ ಶಿಳ್ಳೆ ಕೂಗಿತು. ಹುಸೇನಮ್ಮ ಕದಲಲಿಲ್ಲ. ರಾಯರು ಬೀರುವಿನ ಬೀಗದ ಕೈ ಹುಡುಕತೊಡಗಿದರು.