ಕೋರ್ಸ್‌ವರ್ಕ್ ಪರೀಕ್ಷೆ ಮತ್ತು ಸದಲಗಾದ ಸಂಜೆ

ಉಗಾರ ಖುರ್ದಕ್ಕೆ ಬಂದ ಮೂರನೇ ದಿನ, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ಪಕ್ಕದ ಮನೆಯ ಪದ್ಮಕ್ಕ ರಾತ್ರಿಯೂಟಕ್ಕೆ ಕರೆದರು. ಚಹಾ ಕುಡಿದ ಲೋಟವನ್ನೂ ನಾನು ತೊಳೆದಿರಲಿಲ್ಲ. ಜೈನರಾದ ತಾವು ಹೊತ್ತು ಮುಳುಗುವುದರೊಳಗೆ ಉಂಡುಬಿಡುವುದಾಗಿ ಹೇಳುತ್ತ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ ಬಡಿಸಿದರು. ಮಂಡ್ಯದ ನಮ್ಮ ಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದುದೇ ಒಂಬತ್ತಕ್ಕೆ.

ನಮ್ಮ ಯಜಮಾನರು ಇಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಮಾತಿಗೆ ಜನವಿಲ್ಲದ ಬೇಸರಕ್ಕೆ ನಲವತ್ತಾರನೇ ವಯಸ್ಸಿನಲ್ಲಿ ನಾನು ಪಿಎಚ್‌.ಡಿ.ಗೆ ಸೇರಿದೆ. ವಿಷಯ, ಗಡಿಭಾಗದ ಹೆಂಗಸರ ಹೈನುಗಾರಿಕೆ. ಸೇರಿದ ಮೇಲೆ ನಿಯಮ ತಿಳಿಯಿತು. ಸಂಶೋಧನೆಗೆ ಇಳಿಯುವ ಮೊದಲು ಕೋರ್ಸ್‌ವರ್ಕ್ ಪರೀಕ್ಷೆ ಪಾಸಾಗಬೇಕು, ಅವಕಾಶ ಎರಡೇ, ಎರಡನೆಯದರಲ್ಲೂ ಫೇಲಾದರೆ ನೋಂದಣಿ ರದ್ದು. ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ನಾನು ಮೊದಲ ಸಲ ಫೇಲಾದೆ.

ಅಷ್ಟರಲ್ಲಿ ಯಜಮಾನರಿಗೆ ಮಂಡ್ಯದ ಕಡೆಯೇ ಕೆಲಸ ಸಿಕ್ಕಿತು. ಪಾಸಾದರೆ ನಾನು ಇಲ್ಲೇ ಉಳಿದು ಸಂಶೋಧನೆ ಮುಗಿಸುವುದು, ಫೇಲಾದರೆ ಇಬ್ಬರೂ ಊರಿಗೆ ಹೊರಡುವುದು ಎಂದು ಮಾತಾಯಿತು.

ಓದಿದ್ದನ್ನು ಪದ್ಮಕ್ಕನ ಮುಂದೆ ಒಪ್ಪಿಸುತ್ತಿದ್ದೆ. ಅವರ ತವರು ಸದಲಗಾ, ನಾನು ಸಂಶೋಧನೆಗೆ ಆರಿಸಿಕೊಂಡ ಊರು. ಸಂಜೆ ಐದರಿಂದ ಏಳರವರೆಗೆ ಮನೆಮನೆಗೆ ಹೋಗಿ ಹೆಂಗಸರನ್ನು ಮಾತಾಡಿಸುವುದು ಎಂಬ ನನ್ನ ಯೋಜನೆ ಓದಿದಾಗ ತಡೆದರು.

"ಐದಕ್ಕ ಬಂದ್ರ ನಿಮ್ಮ ಕೂಡ ಯಾರ್ ಮಾತಾಡ್ತಾರ್ರಿ? ಹಾಲ ಹಿಂಡೂದು ಬಿಡ್ಬೇಕೋ, ಅಡಗಿ ಬಿಡ್ಬೇಕೋ? ಎಮ್ಮೀನ ಕೇಳಿ ಬರ್ಕೊಂಡ ಬರ್ರಿ."

ಮಂಡ್ಯದ ನಮ್ಮ ಬೀದಿಯಲ್ಲಿ ಅದು ಜಗಲಿಯ ಮೇಲೆ ಹರಟುವ ಹೊತ್ತು. ಇಲ್ಲೂ ಹಾಗೇ ಎಂದುಕೊಂಡಿದ್ದೆ.

ಎರಡನೇ ಸಲದ ಪರೀಕ್ಷೆಯಲ್ಲಿ, ಕ್ಷೇತ್ರಕಾರ್ಯದ ಯೋಜನೆ ವಿವರಿಸಿ ಎಂಬ ಪ್ರಶ್ನೆ ಬಂತು. ಮಧ್ಯಾಹ್ನ ಒಂದೂವರೆಯಿಂದ ಮೂರು, ದನಗಳು ಮೆಲುಕು ಹಾಕುವ ಹೊತ್ತು ಎಂದು ಬರೆದೆ. ಯಾಕೆಂಬುದನ್ನು ಮೂರು ಪುಟ ಬರೆದೆ.

ಪಾಸಾದೆ. "ಇನ್ನ ಹೆಂಗ ಹೋಗ್ತೀರಿ, ನೋಡೂಣು," ಎಂದು ಪದ್ಮಕ್ಕ ಕೈಗೆ ಸಕ್ಕರೆ ಹಾಕಿದರು. ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. "ಒಳ್ಳೇದಾಯ್ತು ಕಣೇ. ನೀನೂ ಬರ್ತೀಯ ಅಂತ ಅವರೆಕಾಯಿ ತರ್ಸಿದ್ದೆ," ಎಂದಳು.

ಭಾನುವಾರ ಯಜಮಾನರನ್ನು ರೈಲು ಹತ್ತಿಸಲು ಹೋದೆ. ಮಾತ್ರೆಗಳು ಯಾವ ಚೀಲದಲ್ಲಿವೆ ಎಂದು ಎರಡು ಸಲ ಹೇಳಿದೆ. ಗಾಡಿ ಹೊರಟಾಗ ಅವರ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದೆ. ಪರೀಕ್ಷೆಯಲ್ಲಿ ಆ ಒಂದು ಪ್ರಶ್ನೆಯನ್ನು ಬಿಟ್ಟು ಬಂದಿದ್ದರೆ ನಾನೂ ಈ ಗಾಡಿಯಲ್ಲಿರುತ್ತಿದ್ದೆನಲ್ಲ ಎಂದು ಆಗ ಅನ್ನಿಸಿತು.