ಔಷಧದ ಗೂಡಿನ ಕೀಲಿ

ನಮ್ಮ ಮಾವನ ಕೈ ಆದೋನಿ ಪ್ಯಾಟಿಯಾಗೆಲ್ಲ ಹೆಸರಾದದ್ದು. ಹತ್ತಿ ಚೀಲದಾಗ ಮೊಣಕೈತನಕ ಕೈ ತೂರಿಸಿ, ಕಣ್ಣು ಮುಚ್ಚಿ, "ಹಸಿ ಐತಿ" ಅಂದ್ರ ಮುಗೀತು, ಆ ಮಾಲು ಯಾರೂ ಮುಟ್ತಿರಲಿಲ್ಲ. ಇರಲಿ, ಹತ್ತಿಗೆ ಆ ಕೈ ಸರಿ. ಆದ್ರ ಮನ್ಯಾಗ ಕೂಸಿನ ಜ್ವರಾನೂ ಅದ ಕೈ ನೋಡಬೇಕಂತ! ಹಣಿ ಮುಟ್ಟಿ ಅವರು "ಹಾಕ್ರಿ" ಅಂದ್ರ ಔಷಧ, "ಬ್ಯಾಡ" ಅಂದ್ರ ಇಲ್ಲ. ಔಷಧದ ಗೂಡಿನ ಕೀಲಿ ಅವರ ಉಡದಾರದಾಗ.

ಗೂಡಿನಾಗ ದವಾಖಾನಿ ಬಾಟ್ಲಿ ಇತ್ತು. ಒಂದು ಸಲಕ್ಕ ಎಷ್ಟು ಕುಡಿಸಬೇಕಂತ ಹೊರಗ ಕಾಗದದ ಪಟ್ಟಿ ಅಳತಿಗೆ ಹಲ್ಲು ಹಲ್ಲಾಗಿ ಕತ್ತರಿಸಿ ಅಂಟಿಸಿದ್ರು. ಅದನ್ನ ಕೊಡುವಾಗ ಡಾಕ್ಟರು ಹೇಳಿದ್ದನ್ನ ನಾನು ಬಾಗಿಲ ಹಿಂದ ನಿಂತು ಕೇಳಿದ್ದೆ: "ಮೈ ಬಿಸಿ ಆತು ಅಂದಕೂಡ್ಲೆ ಕೊಡಬ್ಯಾಡ್ರಿ. ಕೂಸು ಆಡಾಕತ್ತಿದ್ರ, ನೀರು ಕುಡೀತಿದ್ರ ಬಿಟ್ಟಬಿಡ್ರಿ. ಜ್ವರಕ್ಕ ನರಳಿ ಕಂಗಾಲಾದ್ರ ಕೊಡ್ರಿ."

ನನ್ನ ಮಗಳಿಗೆ ಆಗ ಎರಡು ವರ್ಷ. ಒಂದು ಬ್ಯಾಸಗಿ ದಿನ ಆಕಿ ಮೈ ಕಾದಿತ್ತು, ಆದ್ರ ಜೋಳದ ಕಾಳು ಚೆಲ್ಲಿ ಆಡಿಕೋತ ಕುಂತಿದ್ಲು. ಮಾವ ಮುಟ್ಟಿ, "ಹಾಕ್ರಿ" ಅಂತ ಬಾಟ್ಲಿ ತೆಗೆದುಕೊಟ್ರು. ನಾನು ಇಸ್ಕೊಂಡು ಹಂಗ ಕೆಳಗಿಟ್ಟೆ.

"ಆಡಾಕತ್ಯಾಳ, ಬ್ಯಾಡ್ರಿ" ಅಂತ ನಮ್ಮ ಅತ್ತಿ ಕಡೆ ತಿರುಗಿ ಅಂದೆ.

ಅತ್ತಿ ಸಿಟ್ಟು ಬಂದ್ರ ತೆಲುಗಿಗೆ ತಿರುಗೋರು. "ಊರುಕೋ!" ಅಂತ ಒದರಿದ್ರು, ಸುಮ್ಮನಿರು ಅಂತ. ನಾನ್ಯಾಕ ಸುಮ್ಮನಿರಲಿ? ಹೆತ್ತಾಕಿ ನಾನು! ಮಾವ ಬಾಟ್ಲಿ ಒಳಗಿಟ್ಟು ಕೀಲಿ ಹಾಕಿಬಿಟ್ರು.

ಮರುದಿನ ಮಧ್ಯಾಹ್ನ ಕೂಸು ಸೋತು ನನ್ನ ತೊಡಿ ಮ್ಯಾಲ ಬಿತ್ತು. ನರಳಾಕ ಹತ್ತಿತು. ನೀರು ಬಾಯಿಗಿಟ್ರ ಮುಖ ತಿರುಗಿಸ್ತಿತ್ತು. ಮಾವ ಉರಿಬಿಸಿಲಾಗ ಚೀಲ ನೋಡಿ ಆಗಷ್ಟ ಒಳಗ ಬಂದಿದ್ರು, ಕೈ ಕಾದ ಹಂಚಿನಂಗಾಗಿತ್ತು. ಅದ ಕೈಲೆ ಹಣಿ ಮುಟ್ಟಿ, "ಜ್ವರ ಇಳದೈತಿ, ಔಷಧ ಬ್ಯಾಡ" ಅಂದು ಪಡಸಾಲಿಗೆ ಹೋದ್ರು.

ಸೊಸಿ ಮಾವನ ಎದುರು ನಿಂತು ಮಾತಾಡೋದು ನಮ್ಮ ಮನ್ಯಾಗ ಇರಲೇ ಇಲ್ಲ, ಏನಿದ್ರೂ ಅತ್ತಿ ಬಾಯಿಲೆ ಹೇಳಿಸಬೇಕು. ಅವತ್ತು ನಾನ ಕೂಸನ್ನ ಎತ್ತಿಕೊಂಡು ಪಡಸಾಲಿಗೆ ಹೋಗಿ ನಿಂತೇಬಿಟ್ಟೆ.

"ಮಾವಾರ, ನಿಮ್ಮ ಕೈಯೇ ಕಾದೈತ್ರಿ, ಅದಕ್ಕ ಕೂಸು ತಣ್ಣಗನಸ್ತೈತಿ. ಇದು ಹತ್ತಿ ಅಲ್ಲ, ನನ್ನ ಮಗಳು. ಮುಟ್ಟಬ್ಯಾಡ್ರಿ, ಮುಖ ನೋಡ್ರಿ! ನೀರು ಕುಡಿಯೋದೂ ಬಿಟ್ಟಾಳ. ಕೀಲಿ ಕೊಡ್ರಿ, ಡಾಕ್ಟರಿಗೆ ಹೇಳಿಕಳಸ್ರಿ."

"ಅಯ್ಯಯ್ಯ, ಮನಿ ಮರ್ಯಾದಿ ಹೋತು!" ಅಂತ ಅತ್ತಿ ಬಾಯಿ ಬಡಕೊಂಡ್ರು. ಹೋದ್ರ ಹೋಗ್ಲಿ! ಆ ಮರ್ಯಾದಿ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?

ಮಾವ ಕೈ ಚಾಚಿದವರು ಹಿಂದಕ್ಕ ತಗೊಂಡು, ಬಗ್ಗಿ ಕೂಸಿನ ಮುಖ ನೋಡಿದ್ರು. ಉಡದಾರದಿಂದ ಕೀಲಿ ಬಿಚ್ಚಿ ಕೊಟ್ರು. ಪಟ್ಟಿ ನೋಡಿ ಒಂದು ಸಲದಷ್ಟ ಕುಡಿಸಿದೆ. ಡಾಕ್ಟರು ಬರೋದ್ರಾಗ ಮಗಳು ಬೆವತು, ಕಣ್ಣು ಬಿಟ್ಟು, ನೀರು ಕೇಳಿದ್ಲು. ಚಮಚದಿಂದ ಕುಡಿಸಿಕೋತ ಎಲ್ಲಾರ ಮುಂದ ಗಳಗಳ ಅತ್ತುಬಿಟ್ಟೆ.

ಸಂಜಿಗೆ ಅತ್ತಿ ಬಂದು ಕೀಲಿ ವಾಪಸ್ ಕೇಳಿದ್ರು. ಸೆರಗಿಗೆ ಗಂಟು ಹಾಕಿಕೊಂಡಿದ್ದೆ, ಬಿಚ್ಚಲಿಲ್ಲ. ಮಾವ ಪಡಸಾಲಿಯಿಂದಲೇ, "ಆಕಿ ಹತ್ರಾನ ಇರಲಿ ಬಿಡು" ಅಂದ್ರು.

ಅವರು ಅನ್ನದಿದ್ರೂ ನಾನು ಕೊಡ್ತಿರಲಿಲ್ಲ.